ಕೆಂಪು ಒಂದೇ, ಕುಲ ಬೇರೆ: ಹೂವಿನ ಬಣ್ಣದ ಬೆನ್ನು ಹತ್ತಿದ ನನ್ನ ಅನುಭವ

ಹೂವಿನ ಬಣ್ಣ ನೋಡಿ ಗಿಡದ ಕುಟುಂಬ ಹೇಳಬೇಡಿ ಎಂದು ಸಸ್ಯಶಾಸ್ತ್ರದ ಮೊದಲ ಪಾಠಗಳಲ್ಲೇ ಹೇಳಿಕೊಡುತ್ತೇವೆ. ಸರಿಯಾದ ಮಾತೇ. ಒಂದೇ ದಾಸವಾಳ ಬಿಳಿಯಾಗಿ, ಹಳದಿಯಾಗಿ, ಕೆಂಪಾಗಿ ಅರಳುತ್ತದೆ. ಕೇಸರ ಎಣಿಸಿ, ಅಂಡಾಶಯ ಮೇಲಿದೆಯೋ ಕೆಳಗಿದೆಯೋ ನೋಡಿ, ಎಲೆಯ ಬುಡದಲ್ಲಿ ಉಪಪರ್ಣ ಇದೆಯೋ ಹುಡುಕಿ, ಬಣ್ಣದ ಮಾತು ಕೊನೆಗಿರಲಿ ಎನ್ನುತ್ತೇವೆ. ಬಾಗಲಕೋಟೆಯ ಒಂದು ಪದವಿ ಕಾಲೇಜಿನಲ್ಲಿ ನಾನೂ ವರ್ಷಗಟ್ಟಲೆ ಹೀಗೆಯೇ ಪಾಠ ಮಾಡಿದವಳು. ಆದರೆ ಬಣ್ಣ ಬೇರೆ, ಆ ಬಣ್ಣ ಹುಟ್ಟಿಸುವ ವಸ್ತು ಬೇರೆ. ಕಣ್ಣಿಗೆ ಕಾಣುವ ಕೆಂಪು ಗಿಡದ ಬಳಗದ ಬಗ್ಗೆ ಬಾಯಿ ಬಿಡದಿರಬಹುದು. ಆ ಕೆಂಪನ್ನು ಗಿಡ ಯಾವ ದಾರಿಯಲ್ಲಿ ತಯಾರಿಸಿತು ಎಂದು ಕೇಳಿದರೆ ಬಹಳಷ್ಟು ಹೇಳುತ್ತದೆ. ನಮ್ಮ ಸಂತೆಯ ಪಲ್ಯೆ, ನಮ್ಮ ಹೊಲದ ಕುಸುಬಿ, ಹತ್ತಿ, ಹಿನ್ನೀರಿನ ದಂಡೆಯ ಕಳೆ ಇವನ್ನೇ ಹಿಡಿದು ಈ ಹುಡುಕಾಟವನ್ನು ನಾನು ಹೇಗೆ ಮಾಡಿದೆ, ಈಗಲೂ ಹೇಗೆ ಮಾಡುತ್ತೇನೆ ಎಂಬುದನ್ನು ಬರೆಯುತ್ತಿದ್ದೇನೆ.

ಹೂವಿನ ಬಣ್ಣಗಳಲ್ಲಿ ಬಹಳಷ್ಟು ಫ್ಲೇವನಾಯ್ಡ್ ಎಂಬ ವಸ್ತುಗಳಿಂದ ಬರುತ್ತವೆ. ಫ್ಲೇವನಾಯ್ಡ್ ಎಂದರೆ 15 ಇಂಗಾಲದ ಚೌಕಟ್ಟು. ಆ ಕಡೆ ಈ ಕಡೆ ಒಂದೊಂದು ಬೆಂಜೀನ್ ಉಂಗುರ, ನಡುವೆ ಮೂರು ಇಂಗಾಲದ ಕೊಂಡಿ. ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲದಿಂದ ಬರುವ ಕೂಮರಾಯ್ಲ್-ಕೋಎ ಒಂದು ಅಣು, ಮೆಲೊನೈಲ್-ಕೋಎ ಮೂರು ಅಣು ಸೇರಿಸಿ ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವ ಮೊದಲು ಚಾಲ್ಕೋನ್ ಕಟ್ಟುತ್ತದೆ. ಅದರ ನಡುವಿನ ಕೊಂಡಿ ಉಂಗುರವಾಗಿ ಮುಚ್ಚಿಕೊಂಡರೆ ಫ್ಲೇವನೋನ್. ಅಲ್ಲಿಂದ ಮುಂದೆ ಕಾಲುವೆಯ ನೀರು ತೂಬು ತೆರೆದ ಕಡೆಗೆ ಹರಿಯುವ ಹಾಗೆ ಕವಲು ಕವಲಾಗಿ ಹೋಗುತ್ತದೆ. ಒಂದು ಕವಲು ಫ್ಲೇವೋನ್, ಒಂದು ಫ್ಲೇವನಾಲ್, ಒಂದು ಐಸೊಫ್ಲೇವೋನ್, ಇನ್ನೊಂದು ಕೆಂಪು-ನೇರಳೆ-ನೀಲಿ ಕೊಡುವ ಆಂಥೋಸಯನಿನ್. ಇಂಥ ವಸ್ತುಗಳು ಈಗ 6,000ಕ್ಕೂ ಹೆಚ್ಚು ಗೊತ್ತಿವೆ. ಪ್ರತಿ ಕವಲಿಗೂ ಒಂದು ಕಿಣ್ವ ಬೇಕು, ಕಿಣ್ವಕ್ಕೆ ಜೀನ್ ಬೇಕು, ಜೀನ್ ಹಿರಿಯರಿಂದ ಬರಬೇಕು. ವರ್ಗೀಕರಣಕ್ಕೂ ಈ ವಸ್ತುಗಳಿಗೂ ಇರುವ ನಂಟು ಇಷ್ಟೇ.

ಇವುಗಳನ್ನೇ ಯಾಕೆ ಹಿಡಿಯಬೇಕು, ಗಿಡದಲ್ಲಿ ಬೇರೆ ರಾಸಾಯನಿಕಗಳು ಇಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇವು ಹೆಚ್ಚುಕಡಿಮೆ ಎಲ್ಲ ಹೂಬಿಡುವ ಗಿಡಗಳಲ್ಲೂ ಸಿಗುತ್ತವೆ, ಹಾಗಾಗಿ ಹೋಲಿಸಲು ಬರುತ್ತದೆ. ಫ್ಲೇವೋನ್, ಫ್ಲೇವನಾಲ್‌ಗಳಂತೂ ಒಣಗಿದರೂ ಸುಲಭವಾಗಿ ಕೆಡುವುದಿಲ್ಲ. ಗಿಡವನ್ನು ಒತ್ತಿ ಒಣಗಿಸಿಡುವ ಹರ್ಬೇರಿಯಂ ಶೀಟಿಗೆ ಅಂಟಿಸಿಟ್ಟ ಹಳೆಯ ಎಲೆಯ ಉಗುರಿನಷ್ಟು ತುಂಡು ಸಾಕು, ಅದರ ರಸವನ್ನು ಕಾಗದದ ಮೇಲೆ ಓಡಿಸಿದರೂ ಈ ವಸ್ತುಗಳ ಚುಕ್ಕೆ ಬರುತ್ತವೆ. ದುಬಾರಿ ಯಂತ್ರವಿಲ್ಲದ ಕಾಲೇಜಿಗೆ ಇದು ದೊಡ್ಡ ಅನುಕೂಲ.

ಹೊಸದಾಗಿ ಕೈಹಾಕುವವರಿಗೆ ನಾನು ರಾಜಗಿರಿಯಿಂದ ಶುರು ಮಾಡಿ ಎನ್ನುತ್ತೇನೆ. ಕೆಂಪು ರಾಜಗಿರಿ ತಪ್ಪಲನ್ನು ಸಣ್ಣಗೆ ಹೆಚ್ಚಿ, ತಣ್ಣೀರಿಗೆ ಎರಡು ಹನಿ ಆಮ್ಲ ಹಾಕಿ ಅರೆದು ಸೋಸಬೇಕು. ತಣ್ಣೀರೇ ಆಗಬೇಕು. ಸ್ಪಿರಿಟ್ ಹಾಕಿದರೆ ಎಲೆಯ ಹಸಿರೂ ಇಳಿದು ಬಂದು ನೋಡುವುದನ್ನು ಕೆಡಿಸುತ್ತದೆ. ಪಕ್ಕದಲ್ಲಿ ಕೆಂಪು ದಾಸವಾಳದ ಎಸಳನ್ನು ಇದೇ ರೀತಿ ಅರೆದಿಟ್ಟುಕೊಳ್ಳಿ. ಎರಡು ಟ್ಯೂಬುಗಳಲ್ಲಿ ಎರಡೂ ಕೆಂಪು ನೀರು. ಪ್ರತಿಯೊಂದರ ಅರ್ಧಕ್ಕೆ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಕುದಿಯುವ ನೀರಿನಲ್ಲಿ 5 ನಿಮಿಷ ಇಡಿ. ದಾಸವಾಳದ ಕೆಂಪು ಗಟ್ಟಿಯಾಗಿ ಉಳಿಯುತ್ತದೆ. ರಾಜಗಿರಿಯ ಕೆಂಪು ಕಣ್ಣೆದುರಿಗೇ ಕಳೆಗುಂದುತ್ತದೆ. ಉಳಿದ ಅರ್ಧಕ್ಕೆ ಕಾಸ್ಟಿಕ್ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಬಿಡಿ. ದಾಸವಾಳ ನೀಲಿ ಬೆರೆತ ಹಸಿರಿಗೆ ತಿರುಗಿ ಆಮೇಲೆ ಮೆಲ್ಲಗೆ ಮಾಸುತ್ತದೆ, ರಾಜಗಿರಿ ನೇರ ಹಳದಿಯಾಗುತ್ತದೆ. "ಮ್ಯಾಡಮ್, ಎರಡೂ ಕೆಂಪ ಇದ್ದೂವಲ್ರಿ, ಈಗ ಒಂದು ಹಸಿರ ಆತು, ಒಂದು ಹಳದಿ ಆತು!" ಎಂದು ಒಬ್ಬ ಹುಡುಗಿ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂಗಿದ್ದು ಕಿವಿಯಲ್ಲಿದೆ.

ಸಂತೆಯಲ್ಲಿ ಪಲ್ಯೆ ಮಾರುವ ಅಜ್ಜಿಗೆ ಈ ಪ್ರಯೋಗದ ಅರ್ಧ ಭಾಗ ಮೊದಲೇ ಗೊತ್ತಿತ್ತು. "ಯವ್ವಾ, ಕೆಂಪ ರಾಜಗಿರಿ ಭಾಳೊತ್ತು ಕುದಿಸಬ್ಯಾಡ, ಬಣ್ಣ ಹಾರಿ ಹೊಕ್ಕೈತಿ" ಅಂದಿದ್ದಳು. ಬೀಟ್‌ರೂಟನ್ನು ಬಹಳ ಹೊತ್ತು ಬೇಯಿಸಿದರೂ ಹೀಗೆಯೇ ಆಗುತ್ತದೆ.

ದಾಸವಾಳದ್ದು ಆಂಥೋಸಯನಿನ್, ಅಂದರೆ ಫ್ಲೇವನಾಯ್ಡ್ ಕಾಲುವೆಯ ಒಂದು ಕವಲು. ರಾಜಗಿರಿಯದು ಬೀಟಲೇನ್. ಅದು ಫಿನೈಲ್‌ಅಲನೀನ್‌ನಿಂದ ಹೊರಡುವುದೇ ಇಲ್ಲ. ಟೈರೋಸೀನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ಹುಟ್ಟುತ್ತದೆ, ಅಣುವಿನಲ್ಲಿ ಸಾರಜನಕ ಇರುತ್ತದೆ. ಬಹಳ ದಿನ ಇದನ್ನೂ ಸಾರಜನಕ ಇರುವ ಆಂಥೋಸಯನಿನ್ ಎಂದೇ ಕರೆಯುತ್ತಿದ್ದರು. 1960ರ ದಶಕದಲ್ಲಿ ಡ್ರೈಡಿಂಗ್, ಮೇಬ್ರಿ ಮೊದಲಾದ ವಿಜ್ಞಾನಿಗಳು ಬೀಟ್‌ರೂಟಿನ ಕೆಂಪು ಬೀಟಲೇನ್ ಆದ ಬೀಟನಿನ್‌ನ ರಚನೆ ಬಿಡಿಸಿದ ಮೇಲೆ ಇದು ಬೇರೆಯದೇ ವಸ್ತು ಎಂದು ಖಚಿತವಾಯಿತು. ಇನ್ನೂ ದೊಡ್ಡ ಸಂಗತಿಯೆಂದರೆ ಈ ಎರಡು ವರ್ಣಗಳೂ ಒಂದೇ ಗಿಡದಲ್ಲಿ ಒಟ್ಟಿಗೆ ಸಿಕ್ಕಿಲ್ಲ. ಬೀಟಲೇನ್ ಇದ್ದಲ್ಲಿ ಆಂಥೋಸಯನಿನ್ ಇಲ್ಲ, ಆಂಥೋಸಯನಿನ್ ಇದ್ದಲ್ಲಿ ಬೀಟಲೇನ್ ಇಲ್ಲ. ಬೀಟಲೇನ್ ಇರುವ ಗಿಡಗಳಲ್ಲಿ ಫ್ಲೇವನಾಲ್‌ನಂಥ ಉಳಿದ ಫ್ಲೇವನಾಯ್ಡ್‌ಗಳು ಇರುತ್ತವೆ, ಆಂಥೋಸಯನಿನ್ ಎಂಬ ಕೊನೆಯ ತೂಬು ಮಾತ್ರ ತೆರೆಯುವುದಿಲ್ಲ.

ಈಗ ಊರಿನ ಗಿಡಗಳನ್ನೇ ಸಾಲಾಗಿ ಪರೀಕ್ಷೆಗೆ ಹಚ್ಚಿ ನೋಡಿ. ಬಸಳೆಯ ಹಣ್ಣು, ಕಂಪೌಂಡಿನ ಬೋಗನ್‌ವಿಲ್ಲಾ, ಸಂಜೆ ಮಲ್ಲಿಗೆ, ಬದುವಿನ ಪಾಪಾಸುಕಳ್ಳಿಯ ಹಣ್ಣು, ಕೋಳಿಜುಟ್ಟಿನ ಹೂ, ಗೋಳಿ ಪಲ್ಯೆಯ ಕೆಂಪು ದಂಟು ಎಲ್ಲವೂ ಕಾಸ್ಟಿಕ್ ಸೋಡಾಕ್ಕೆ ಹಳದಿಯಾಗುತ್ತವೆ. ಬದನೆಕಾಯಿ ಸಿಪ್ಪೆ, ಶಂಖಪುಷ್ಪ, ಕಪ್ಪು ದ್ರಾಕ್ಷಿಯ ಸಿಪ್ಪೆ, ಕೆಂಪು ಗುಲಾಬಿ ಹಸಿರು-ನೀಲಿಯತ್ತ ಹೊರಳುತ್ತವೆ. ಮೊದಲ ಸಾಲಿನ ಗಿಡಗಳ ಮೈಕಟ್ಟಿನಲ್ಲಿ ಏನಾದರೂ ಹೋಲಿಕೆ ಇದೆಯೇ? ಮುಳ್ಳಿನ ಕಳ್ಳಿ, ಬಳ್ಳಿ ಬಸಳೆ, ನೆಲಕ್ಕಂಟಿದ ಗೋಳಿ. 1862ರಿಂದ 1883ರ ನಡುವೆ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ ಕಟ್ಟಿದ ವರ್ಗೀಕರಣ ಪದ್ಧತಿಯಲ್ಲಿ ಗೋಳಿ ಒಂದು ಕಡೆ, ಕಳ್ಳಿ ಬಹಳ ದೂರ ಇನ್ನೊಂದು ಕಡೆ, ರಾಜಗಿರಿ ಮತ್ತು ಬೋಗನ್‌ವಿಲ್ಲಾ ಬೇರೆ ದಳಗಳಿಲ್ಲದ ಗುಂಪಿನಲ್ಲಿ ಇನ್ನೂ ಆಚೆ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. 1901ರಿಂದ 1908ರವರೆಗೆ ಥಿಯೊಡೋರ್ ಕುಕ್ ಆ ಪ್ರಾಂತ್ಯದ ಸಸ್ಯಗಳನ್ನು ವಿವರಿಸಿದ ಸಂಪುಟಗಳೂ ಇದೇ ಜಾಡಿನವು. ಈಗ ಇವೆಲ್ಲ ಕ್ಯಾರಿಯೋಫಿಲೇಲಿಸ್ ಎಂಬ ಒಂದೇ ಗಣದಲ್ಲಿ, ಅಂದರೆ ಕುಟುಂಬಗಳ ಒಂದೇ ಗುಂಪಿನಲ್ಲಿವೆ. ಡಿಎನ್‌ಎ ಓದುವ ಕಾಲ ಬರುವ ಮುಂಚೆಯೇ ಬಣ್ಣದ ರಸಾಯನ ಇವುಗಳ ನಂಟಿಗೆ ಗಟ್ಟಿ ಸಾಕ್ಷಿ ಕೊಟ್ಟಿತ್ತು.

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದಾಗ ಸಿಗುತ್ತದೆ. ಒಣಗುತ್ತಿರುವ ದಂಡೆಯ ಮೇಲೆ, ಆಚೆಯ ಮರಳು ಮಿಶ್ರಿತ ಹೊಲಗಳಲ್ಲಿ ಎರಡು ಬಗೆಯ ಕಳೆ ನೆಲಕ್ಕೆ ಹಾಸಿಕೊಂಡು ಬೆಳೆದಿರುತ್ತವೆ. ಒಂದು ಟ್ರಯಾಂಥೆಮಾ: ದಪ್ಪ ಎಲೆ, ಕೆಂಪು ದಂಟು. ಇನ್ನೊಂದು ಮೊಲ್ಲುಗೊ ಬಳಗದ್ದು: ತೆಳ್ಳಗಿನ ಕಡ್ಡಿ, ಬಿಸಿಲಿಗೆ ಅದೂ ಕೆಂಪೇರಿರುತ್ತದೆ. ಹಳೆಯ ಪದ್ಧತಿಯಲ್ಲಿ ಎರಡೂ ಫಿಕಾಯ್ಡಿ ಎಂಬ ಒಂದೇ ಮನೆಯವು. ಟ್ರಯಾಂಥೆಮಾ ದಂಟು ಅರೆದರೆ ಧಾರಾಳವಾಗಿ ಕೆಂಪು ಬರುತ್ತದೆ, ಕ್ಷಾರ ಬಿದ್ದರೆ ಹಳದಿ. ಮೊಲ್ಲುಗೊದಲ್ಲಿ ಬಣ್ಣ ಕಡಿಮೆ, ಒಂದು ಹಿಡಿ ಕಡ್ಡಿ ಬೇಕು, ಆದರೆ ಅದು ಹಸಿರಿನ ಕಡೆ ವಾಲುತ್ತದೆ. ಅಂದರೆ ಆಂಥೋಸಯನಿನ್. ಇಂದು ಟ್ರಯಾಂಥೆಮಾ ಐಝೊಏಸಿ ಕುಟುಂಬದಲ್ಲಿದೆ, ಮೊಲ್ಲುಗೊ ಮೊಲ್ಲುಜಿನೇಸಿ ಎಂಬ ಬೇರೆ ಕುಟುಂಬದಲ್ಲಿದೆ. ಒಂದೇ ಕೆಸರಿನಲ್ಲಿ ಪಕ್ಕಪಕ್ಕ ನಿಂತ ಎರಡು ಕಳೆಗಳು ಹೀಗೆ ಬೇರೆಯಾಗುವುದನ್ನು ವಿದ್ಯಾರ್ಥಿಗಳು ತಮ್ಮ ಕೈಯಲ್ಲೇ ಕಂಡಾಗ ವರ್ಗೀಕರಣ ಅವರಿಗೆ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಆದರೆ ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬೀಟಲೇನ್ ಇಷ್ಟು ಚೊಕ್ಕಟವಾಗಿ ಗೆರೆ ಎಳೆಯುತ್ತದೆ ಎಂದು ಕಂಡಾಗ ಆಂಥೋಸಯನಿನ್ ಇರುವ ಕಾರ್ನೇಶನ್ ಕುಟುಂಬವನ್ನು ಆ ಗಣದಿಂದಲೇ ಹೊರಗಿಡಬೇಕು ಎಂಬ ವಾದ ಎದ್ದಿತ್ತು. ಅದು ನಿಲ್ಲಲಿಲ್ಲ. ಜರ್ಮನಿಯ ಸಸ್ಯಶಾಸ್ತ್ರಜ್ಞ ಬೆಂಕೆ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಗಿಡಗಳ ಆಹಾರ ಸಾಗಿಸುವ ಜರಡಿ ನಳಿಕೆಗಳನ್ನು ನೋಡಿದಾಗ ಅವುಗಳ ಕೋಶದೊಳಗಿನ ಪ್ಲಾಸ್ಟಿಡ್ ಎಂಬ ಸಣ್ಣ ಕಣಗಳಲ್ಲಿ ಉಂಗುರದಂತಿರುವ ಪ್ರೋಟೀನ್ ಎಳೆಗಳು ಕಂಡವು. ಕಾರ್ನೇಶನ್ ಕುಟುಂಬದಲ್ಲೂ ಅವೇ. ಮುಂದೆ ಡಿಎನ್‌ಎ ಕೂಡ ಅವರು ಒಳಗಿನವರೇ ಎಂದಿತು. ಬಣ್ಣದ ಮಾತು ಸುಳ್ಳಾಗಲಿಲ್ಲ, ಅದೊಂದೇ ಮಾತಿನ ಮೇಲೆ ತೀರ್ಪು ಕೊಡಲು ಹೊರಟದ್ದು ಸಲ್ಲಲಿಲ್ಲ.

ಟ್ಯೂಬಿನ ಕೆಲಸ ಮುಗಿದ ಮೇಲೆ ಕಾಗದದ ಕೆಲಸ, ಅಂದರೆ ಗಿಡದ ರಸವನ್ನು ಕಾಗದದ ಮೇಲೆ ದ್ರಾವಕದ ಜೊತೆ ಓಡಿಸಿ ಅದರೊಳಗಿನ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವುದು. ಇದೇ ನಿಜವಾದ ದುಡಿಮೆ. ಎಲೆ ಅಥವಾ ಎಸಳನ್ನು ನೆರಳಿನಲ್ಲಿ ಒಣಗಿಸುತ್ತೇನೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಪುಡಿ ಮಾಡಿ ಎರಡು ಪಾಲು ಮಾಡುತ್ತೇನೆ. ಒಂದು ಪಾಲನ್ನು ನೀರು ಬೆರೆಸಿದ ಮೆಥನಾಲ್‌ನಲ್ಲಿ ನೆನೆಸಿ ಸೋಸಿ ಹಾಗೆಯೇ ಇಡುತ್ತೇನೆ, ಅದರಲ್ಲಿ ಸಕ್ಕರೆ ಅಂಟಿಕೊಂಡ ಗ್ಲೈಕೊಸೈಡ್‌ಗಳಿರುತ್ತವೆ. ಇನ್ನೊಂದು ಪಾಲನ್ನು 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ವಾಟರ್ ಬಾತ್ ಮೇಲೆ ಅರ್ಧ ತಾಸಿನ ಮೇಲೆ ಕಾಯಿಸಿದರೆ ಸಕ್ಕರೆ ಕಳಚಿಕೊಳ್ಳುತ್ತದೆ. ತಣಿದ ಮೇಲೆ ಈಥೈಲ್ ಅಸಿಟೇಟ್ ಹಾಕಿ ಕುಲುಕಿದರೆ ಬರಿಯ ಫ್ಲೇವನಾಯ್ಡ್ ಮೇಲಿನ ಪದರಿಗೆ ಬರುತ್ತದೆ. ಹತ್ತಿರ ಬೆಂಕಿ ಇರಬಾರದು, ಕಿಟಕಿ ತೆರೆದಿರಬೇಕು. ಇವೆರಡರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ವಾಟ್‌ಮನ್ ನಂಬರ್ 1 ಎಂಬ ಸೋಸು ಕಾಗದದ ಮೂಲೆಯಿಂದ ತುಸು ಒಳಗೆ ಪೆನ್ಸಿಲ್‌ನಿಂದ ಗುರುತು ಮಾಡಿ, ಕ್ಯಾಪಿಲರಿ ಎಂಬ ಸಣ್ಣ ಗಾಜಿನ ನಳಿಕೆಯಿಂದ ರಸವನ್ನು ತಾಗಿಸಿ, ಆರಲು ಬಿಟ್ಟು, ಅದೇ ಜಾಗದ ಮೇಲೆ ಮತ್ತೆ ತಾಗಿಸಬೇಕು. ಚುಕ್ಕೆ ಹರಡಬಾರದು. ಅವಸರ ಮಾಡುವ ಕೈಗೆ ಈ ಕೆಲಸ ಒಗ್ಗುವುದಿಲ್ಲ. ಗ್ಲೈಕೊಸೈಡ್‌ಗಳ ಕಾಗದವನ್ನು ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 4:1:5 ಬೆರೆಸಿ ಮೇಲಿನ ಪದರು ತೆಗೆದ ದ್ರಾವಕದಲ್ಲಿ ಒಂದು ರಾತ್ರಿ ಬಿಟ್ಟು, ಒಣಗಿಸಿ, ಅಡ್ಡ ತಿರುಗಿಸಿ 15 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಓಡಿಸುತ್ತೇನೆ. ಸಕ್ಕರೆ ಕಳಚಿದ ಪಾಲಿಗೆ ಫಾರೆಸ್ಟಲ್ ಎಂಬ ದ್ರಾವಕ ಒಳ್ಳೆಯದು. ಅದು ಅಸಿಟಿಕ್ ಆಮ್ಲ, ಗಾಢ ಹೈಡ್ರೋಕ್ಲೋರಿಕ್ ಆಮ್ಲ, ನೀರು 30:3:10. ಇದರಲ್ಲಿ ದ್ರಾವಕ ಏರಿದ ದೂರವನ್ನು 100 ಎಂದುಕೊಂಡರೆ ಫ್ಲೇವನಾಲ್‌ಗಳ ಪೈಕಿ ಕ್ಯಾಂಪ್‌ಫೆರಾಲ್ ಸುಮಾರು 55ಕ್ಕೆ, ಕ್ವೆರ್ಸೆಟಿನ್ 41ಕ್ಕೆ, ಮಿರಿಸೆಟಿನ್ 28ಕ್ಕೆ ನಿಲ್ಲುತ್ತವೆ. ಉಂಗುರಕ್ಕೆ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಒಂದೊಂದು ಹೆಚ್ಚಾದ ಹಾಗೆ ಚುಕ್ಕೆ ಕೆಳಗೆ ಜಗ್ಗುತ್ತದೆ. ಮೂರು ವಸ್ತುಗಳ ನಡುವಿನ ವ್ಯತ್ಯಾಸ ಸ್ಕೇಲು ಹಿಡಿದು ಅಳೆಯುವಷ್ಟು ಸ್ಪಷ್ಟ.

ಒಣಗಿದ ಕಾಗದ ಬೆಳಕಿನಲ್ಲಿ ಹೆಚ್ಚುಕಡಿಮೆ ಖಾಲಿ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ 366 ನ್ಯಾನೋಮೀಟರ್ ಯುವಿ ದೀಪ ಹಚ್ಚಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ನೋಡಿದರೆ ಗಾಢ ನೇರಳೆ ಚುಕ್ಕೆಗಳು ಏಳುತ್ತವೆ. ಅಮೋನಿಯಾ ಬಾಟಲಿಯ ಮುಚ್ಚಳ ತೆಗೆದು ಅದರ ಹಬೆ ತಾಗಿಸಿದ ಕೂಡಲೇ ಆ ನೇರಳೆಯಲ್ಲಿ ಕೆಲವು ಹಳದಿಯಾಗುತ್ತವೆ, ಕೆಲವು ಹಳದಿ-ಹಸಿರಾಗುತ್ತವೆ, ಕೆಲವು ಅಲುಗುವುದೇ ಇಲ್ಲ. ಹಬೆ ಹಾರಿದರೆ ಬಣ್ಣವೂ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಪೆನ್ಸಿಲ್ ಕೈಯಲ್ಲೇ ಇರಬೇಕು, ಸುತ್ತು ಹಾಕಿ ಬಣ್ಣ ಬರೆದುಕೊಳ್ಳಬೇಕು. ಬದಲಾದ ರೀತಿಯೇ ಯಾವ ಹೈಡ್ರಾಕ್ಸಿಲ್ ಬಿಡುವಾಗಿದೆ, ಯಾವುದಕ್ಕೆ ಸಕ್ಕರೆ ಕೂತಿದೆ ಎಂಬುದರ ಮೊದಲ ಸುಳಿವು. ಪ್ರತಿ ಮಾದರಿಗೂ ಅದೇ ಗಿಡದ ಹರ್ಬೇರಿಯಂ ಶೀಟ್ ಒತ್ತಿ ನಂಬರ್ ಹಾಕಿ ಇಡುತ್ತೇನೆ. ಶೀಟ್ ಇಲ್ಲದ ಚುಕ್ಕೆಗೆ ಬೆಲೆಯಿಲ್ಲ. ನಾಳೆ ಯಾರಾದರೂ ಇದು ಯಾವ ಗಿಡದ್ದು ಎಂದು ಕೇಳಿದರೆ ತೋರಿಸಲು ಗಿಡ ಬೇಕಲ್ಲ.

ಈ ವಿಧಾನ ಇಂದು ಹಳೆಯದು. ದೊಡ್ಡ ಪ್ರಯೋಗಾಲಯಗಳಲ್ಲಿ ವಸ್ತುಗಳನ್ನು ಬೇರ್ಪಡಿಸಿ ಅಣುವಿನ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರ ಇದೇ ಉತ್ತರವನ್ನು ಇನ್ನೂ ಸೂಕ್ಷ್ಮವಾಗಿ ಕೊಡುತ್ತದೆ. ಆದರೆ ಇಂಗ್ಲೆಂಡಿನ ಬೇಟ್-ಸ್ಮಿತ್ 1962ರಲ್ಲಿ ದ್ವಿದಳ ಸಸ್ಯಗಳ (ಬೀಜದಲ್ಲಿ ಎರಡು ಬೇಳೆ ಇರುವವುಗಳ) ಕುಟುಂಬಗಳನ್ನು ಎಲೆಯ ಫಿನಾಲಿಕ್‌ಗಳ, ಅಂದರೆ ಫ್ಲೇವನಾಯ್ಡ್‌ಗಳೂ ಸೇರಿದ ವಸ್ತುಗಳ ಮೇಲೆ ಹೋಲಿಸಿ ನೋಡಿದ್ದು ಹೀಗೆಯೇ, ಆಮ್ಲದಲ್ಲಿ ಕಾಯಿಸಿ ಕಾಗದದ ಮೇಲೆ ಓಡಿಸಿ. ಮರಗಳಿರುವ ಕುಟುಂಬಗಳಲ್ಲಿ ಟ್ಯಾನಿನ್ ತರಹದ ಪ್ರೊಆಂಥೋಸಯನಿಡಿನ್ ಮತ್ತು ಮಿರಿಸೆಟಿನ್ ಹೆಚ್ಚು, ಮೂಲಿಕೆಗಳ ಕುಟುಂಬಗಳಲ್ಲಿ ಅವು ಕಡಿಮೆ ಎಂಬ ಒಲವು ಅಲ್ಲಿಂದಲೇ ಕಂಡದ್ದು.

ಹಳದಿ ಹೂಗಳ ಕಡೆ ಬರೋಣ. ದಸರಾಕ್ಕೆ ರಾಶಿ ರಾಶಿ ಬರುವ ಚೆಂಡು ಹೂವಿನ ಎಸಳನ್ನೂ ತೋಟದ ಹಳದಿ-ಕಿತ್ತಳೆ ಕಾಸ್ಮೋಸ್ ಎಸಳನ್ನೂ ಪಕ್ಕಪಕ್ಕ ಇಟ್ಟು ಅಮೋನಿಯಾ ಹಬೆ ತಾಗಿಸಿ. ಕಾಸ್ಮೋಸ್ ನೋಡನೋಡುತ್ತ ಕೆಂಪಾಗುತ್ತದೆ, ಚೆಂಡು ಹೂವು ಹಾಗೆ ಕೆಂಪಾಗುವುದಿಲ್ಲ. ಎರಡೂ ಸೂರ್ಯಕಾಂತಿ ಕುಟುಂಬದವೇ. ಕಾಸ್ಮೋಸ್‌ನಲ್ಲಿ ಚಾಲ್ಕೋನ್ ಮತ್ತು ಆರೋನ್ ಎಂಬ ಫ್ಲೇವನಾಯ್ಡ್‌ಗಳಿವೆ. ಕೊರಿಯಾಪ್ಸಿಸ್, ಡೇಲಿಯಾ, ಬೈಡೆನ್ಸ್ ಸೇರಿದ ಕೊರಿಯಾಪ್ಸಿಡೀ ಪಂಗಡದ ಹೆಗ್ಗುರುತು ಇದು. ಚೆಂಡು ಹೂವಿನಲ್ಲಿ ಕ್ವೆರ್ಸೆಟಾಜೆಟಿನ್ ಎಂಬ ಫ್ಲೇವನಾಲ್ ಇದೆ, ಜೊತೆಗೆ ಕ್ಯಾರೊಟಿನಾಯ್ಡ್‌ಗಳ ದಟ್ಟ ಹಳದಿ. ಒಂದೇ ಕುಟುಂಬದೊಳಗಿನ ಪಂಗಡಗಳನ್ನು ಒಂದು ಬಾಟಲಿ ಅಮೋನಿಯಾ ಬೇರ್ಪಡಿಸಿ ತೋರಿಸುತ್ತದೆ.

ಆದರೆ ಕಾಸ್ಮೋಸ್‌ನಲ್ಲಿರುವ ಆ ಚಾಲ್ಕೋನ್‌ನ ಹೆಸರು ಬ್ಯೂಟೀನ್. ಅದಕ್ಕೆ ಆ ಹೆಸರು ಬಂದದ್ದು ಬ್ಯೂಟಿಯಾದಿಂದ, ಅಂದರೆ ನಮ್ಮ ಮುತ್ತುಗದಿಂದ! ಬಾಗಲಕೋಟೆಯ ಹೋಳಿ ಹೆಸರುವಾಸಿ. ಮುತ್ತುಗದ ಹೂ ಕುದಿಸಿ, ಚಿಟಿಕೆ ಸುಣ್ಣ ಹಾಕಿ ಬಣ್ಣ ಏರಿಸುವುದು ಹಳಬರಿಗೆ ಗೊತ್ತಿರುವ ವಿದ್ಯೆ. ಹೂವಿನಲ್ಲಿರುವ ಬ್ಯೂಟ್ರಿನ್ ಎಂಬ ಬಣ್ಣವಿಲ್ಲದ ಫ್ಲೇವನೋನ್‌ನ ಉಂಗುರ ಸುಣ್ಣದ ಕ್ಷಾರಕ್ಕೆ ಬಿಚ್ಚಿಕೊಂಡು ಐಸೊಬ್ಯೂಟ್ರಿನ್ ಎಂಬ ಚಾಲ್ಕೋನ್ ಆಗುತ್ತದೆ, ಕಿತ್ತಳೆ ಬಣ್ಣ ಅಲ್ಲಿಂದ ಬರುತ್ತದೆ. ಮುತ್ತುಗ ಕಡಲೆ-ತೊಗರಿಗಳ ಬಳಗ, ಕಾಸ್ಮೋಸ್ ಸೂರ್ಯಕಾಂತಿಯ ಬಳಗ. ಹೂವಿನ ರಚನೆ, ಕಾಯಿ, ಬೀಜ, ಡಿಎನ್‌ಎ ಯಾವುದರಲ್ಲೂ ಹತ್ತಿರದ ನಂಟಿಲ್ಲ. ಅಣು ಮಾತ್ರ ಅದೇ. ಎರಡು ವಂಶಗಳು ಬೇರೆ ಬೇರೆ ಕಾಲದಲ್ಲಿ ತಾವೇ ಆ ತೂಬನ್ನು ತೆರೆದುಕೊಂಡಿವೆ. ಈ ವಿಷಯದಲ್ಲಿ ನನಗೆ ಹೇಳಬೇಕಾದ ಮುಖ್ಯ ಮಾತು ಇದೇ: ಒಂದು ವಸ್ತು ಸಿಕ್ಕಿತು ಎಂದು ಎರಡು ಗಿಡಗಳ ನಡುವೆ ನಂಟು ಹಚ್ಚಬಾರದು. ಕೊರಿಯಾಪ್ಸಿಡೀ ಒಳಗೆ ಬ್ಯೂಟೀನ್‌ಗೆ ಅರ್ಥವಿದೆ, ಯಾಕೆಂದರೆ ಸುತ್ತಲಿನ ಗಿಡಗಳ ಉಳಿದ ಲಕ್ಷಣಗಳೂ ಅದೇ ಕಡೆ ಬೆರಳು ಮಾಡುತ್ತವೆ. ಆ ಆವರಣ ಬಿಟ್ಟು ಹೊರಗೆ ಎಳೆದರೆ ಅದೇ ಅಣು ದಾರಿ ತಪ್ಪಿಸುತ್ತದೆ. ಕ್ವೆರ್ಸೆಟಿನ್ ಅಂತೂ ಈರುಳ್ಳಿಯಿಂದ ಹಿಡಿದು ನುಗ್ಗೆ ಸೊಪ್ಪಿನವರೆಗೆ ಎಲ್ಲೆಲ್ಲೂ ಇದೆ. ಅದು ಸಿಕ್ಕಿದೆ ಎಂಬುದಷ್ಟೇ ವರ್ಗೀಕರಣಕ್ಕೆ ಸುದ್ದಿಯೇ ಅಲ್ಲ.

ಕ್ವೆರ್ಸೆಟಿನ್ ಮೇಲೆ ಗಿಡ ಮುಂದೆ ಏನು ಕೆತ್ತಿದೆ ಎಂಬುದು ಸುದ್ದಿ. ಅದರ ಚೌಕಟ್ಟಿನ ಆರನೆಯ ನಂಬರಿನ ಸ್ಥಾನಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಕೂತರೆ ಚೆಂಡು ಹೂವಿನ ಕ್ವೆರ್ಸೆಟಾಜೆಟಿನ್. ಎಂಟನೆಯ ಸ್ಥಾನಕ್ಕೆ ಕೂತರೆ ಗಾಸಿಪೆಟಿನ್, ಅದು ಹತ್ತಿ ಹೂವಿನದು. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎ.ಜಿ. ಪರ್ಕಿನ್ 1899ರಲ್ಲಿ ಭಾರತದ ಹತ್ತಿ ಹೂವಿನಿಂದಲೇ ಅದನ್ನು ಬೇರ್ಪಡಿಸಿದ. ಮುಂದೆ ರಸಾಯನಶಾಸ್ತ್ರಜ್ಞ ಟಿ.ಆರ್. ಶೇಷಾದ್ರಿಯವರು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಹತ್ತಿ ಮತ್ತು ಹಿಬಿಸ್ಕಸ್ ಹೂಗಳ ವರ್ಣಗಳನ್ನು ಒಂದೊಂದಾಗಿ ಬಿಡಿಸಿದರು. ನಾವು ಪಲ್ಯೆ ಮಾಡಿ ರೊಟ್ಟಿಯ ಜೊತೆ ತಿನ್ನುವ ಪುಂಡಿಯ ಒಂದು ಜಾತಿಯ ಹೂವಿನಲ್ಲಿ ಹಿಬಿಸೆಟಿನ್ ಇದೆ, ಅಂದರೆ ಎಂಟನೆಯ ಸ್ಥಾನದಲ್ಲಿ ಹೈಡ್ರಾಕ್ಸಿಲ್ ಇರುವ ಮಿರಿಸೆಟಿನ್. ಹತ್ತಿ, ಪುಂಡಿ ಎರಡೂ ದಾಸವಾಳದ ಕುಟುಂಬ, ಎರಡೂ ಎಂಟನೆಯ ಸ್ಥಾನವನ್ನೇ ಹಿಡಿದಿವೆ. ನಮ್ಮ ಕಾಗದದ ಮೇಲೆ ಇವು ಕ್ವೆರ್ಸೆಟಿನ್‌ಗಿಂತ ಕೆಳಗೆ ನಿಲ್ಲುತ್ತವೆ ಎಂಬಷ್ಟು ಗೊತ್ತಾಗುತ್ತದೆ. ಆರೋ ಎಂಟೋ ಎಂದು ಖಚಿತಪಡಿಸಲು ದೊಡ್ಡ ಯಂತ್ರವೇ ಬೇಕು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಕಂಡಷ್ಟನ್ನೇ ಬರೆಯಬೇಕು ಎಂದು ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ.

ಕುಸುಬಿಯದು ಇನ್ನೊಂದು ತುದಿ. ವಿಜಯಪುರದ ಎರೆ ಹೊಲಗಳಲ್ಲಿ ಹಿಂಗಾರಿಗೆ ಹಳದಿಯಾಗಿ ಅರಳಿ ಬಾಡುವ ಹೊತ್ತಿಗೆ ಕೆಂಪೇರುವ ಆ ಮುಳ್ಳು ಹೂವಿನಲ್ಲಿ ಕಾರ್ಥಮಿನ್ ಇದೆ. ಎಸಳನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದರೆ ಹಳದಿ ಹರಿದು ಹೋಗುತ್ತದೆ, ಕೆಂಪು ಉಳಿಯುತ್ತದೆ. ಸೋಡಾ ನೀರಿಗೆ ಆ ಕೆಂಪು ಕರಗುತ್ತದೆ, ನಿಂಬೆ ಹಿಂಡಿದರೆ ಮತ್ತೆ ಗಟ್ಟಿಯಾಗಿ ಕೂಡುತ್ತದೆ. ಹಿಂದೆ ಬಟ್ಟೆಗೆ ಬಣ್ಣ ಹಾಕುತ್ತಿದ್ದವರ ಕ್ರಮವೇ ಇದು. ಕಾರ್ಥಮಿನ್ ಮತ್ತು ಅದರ ಹಳದಿ ಬಳಗ ಕ್ವಿನೊಚಾಲ್ಕೋನ್ ಎಂಬ ತೀರ ಅಪರೂಪದ ಗುಂಪಿನವು, ಕುಸುಬಿಗೇ ಮೀಸಲು ಎನ್ನುವಷ್ಟು. ಇಂಥ ವಸ್ತು ಜಾತಿಯನ್ನು ಗುರುತಿಸಲು ಬಹಳ ಚೆನ್ನ, ಬಂಧುಗಳನ್ನು ಹುಡುಕಲು ಮಾತ್ರ ಉಪಯೋಗವಿಲ್ಲ. ಇನ್ನೊಬ್ಬರಲ್ಲಿ ಇಲ್ಲದ ಲಕ್ಷಣ ಯಾರ ಜೊತೆ ನಂಟು ಹೇಳೀತು?

ಎಲ್ಲೆಲ್ಲೂ ಇರುವ ಕ್ವೆರ್ಸೆಟಿನ್, ಕುಸುಬಿಗೇ ಮೀಸಲಾದ ಕಾರ್ಥಮಿನ್ ಇವೆರಡರ ನಡುವೆ ದ್ವಿದಳ ಧಾನ್ಯಗಳ ಐಸೊಫ್ಲೇವೋನ್ ನಿಲ್ಲುತ್ತದೆ. ಎರಡನೆಯ ಉಂಗುರ ತನ್ನ ಜಾಗದಿಂದ ಪಕ್ಕದ ಇಂಗಾಲಕ್ಕೆ ಸರಿದುಕೊಂಡ ಫ್ಲೇವನಾಯ್ಡ್ ಅದು. ಕಡಲೆಯ ಬಯೋಕ್ಯಾನಿನ್, ಸೋಯಾದ ಜೆನಿಸ್ಟೀನ್ ಈ ಬಗೆಯವು. ಚಿಟ್ಟೆಯಾಕಾರದ ಹೂವಿರುವ ಉಪಕುಟುಂಬದಲ್ಲಿ ಇವು ಹೇರಳ, ಹೊರಗೆ ಐರಿಸ್‌ನಂಥ ಕೆಲವೇ ಕಡೆ.

ಜೋಳದ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಸೀಮೆಯವಳಾಗಿ ತಪ್ಪಾದೀತು. ರೋಗ ತಗುಲಿದ ಜೋಳದ ಎಲೆಯ ಮೇಲೆ ಕೆಂಪು-ಕಂದು ಕಲೆ ಏಳುತ್ತದಲ್ಲ, ಅದರಲ್ಲಿ ಎಪಿಜೆನಿನಿಡಿನ್, ಲೂಟಿಯೊಲಿನಿಡಿನ್ ಎಂಬ ವರ್ಣಗಳಿವೆ. ಆಂಥೋಸಯನಿನ್‌ಗಳ ಮೂರನೆಯ ಇಂಗಾಲದ ಮೇಲೆ ಇರಬೇಕಾದ ಆಮ್ಲಜನಕ ಇವುಗಳಲ್ಲಿಲ್ಲ. ಪಾಚಿಗಿಡ (ಮಾಸ್), ಜರೀಗಿಡಗಳಲ್ಲಿ ಇಂಥವು ಸಿಗುತ್ತವೆ, ಹೂಬಿಡುವ ಗಿಡಗಳಲ್ಲಿ ಅಪರೂಪ. ಶಿಲೀಂಧ್ರ ನುಗ್ಗಿದ ಜಾಗದಲ್ಲಿ ಜೋಳ ಇದನ್ನು ಮದ್ದಿನ ಹಾಗೆ ತಯಾರಿಸಿಕೊಳ್ಳುತ್ತದೆ. ರೈತರು ರೋಗದ ಗುರುತು ಎಂದು ನೋಡುವುದು ಗಿಡದ ಪ್ರತಿರೋಧದ ಗುರುತೂ ಹೌದು.

ದ್ರಾಕ್ಷಿಯಲ್ಲಿ ಈ ವಿದ್ಯೆ ಕೋರ್ಟು-ಕಚೇರಿಗೆ ಬೇಕಾಗುವಷ್ಟು ಉಪಯೋಗಕ್ಕೆ ಬಂದಿದೆ. ತಿಕೋಟಾ ಕಡೆಯ ತೋಟಗಳಲ್ಲಿ ತಿನ್ನುವ ತಳಿ ಯುರೋಪಿನ ವೈಟಿಸ್ ವಿನಿಫೆರಾ, ಅದಕ್ಕೆ ಬುಡವಾಗಿ ಕಸಿ ಕಟ್ಟುವ ಡಾಗ್‌ರಿಡ್ಜ್ ಅಮೆರಿಕದ ಕಾಡು ದ್ರಾಕ್ಷಿ. ವಿನಿಫೆರಾದ ಕಪ್ಪು ಸಿಪ್ಪೆಯಲ್ಲಿ ಆಂಥೋಸಯನಿನ್‌ಗೆ ಮೂರನೆಯ ಸ್ಥಾನದಲ್ಲಿ ಒಂದೇ ಗ್ಲೂಕೋಸ್ ಅಂಟಿರುತ್ತದೆ. ಅಮೆರಿಕದ ಹಲವು ಜಾತಿಗಳಲ್ಲಿ ಐದನೆಯ ಸ್ಥಾನಕ್ಕೂ ಇನ್ನೊಂದು ಅಂಟಿರುತ್ತದೆ. ಆ ಎರಡನೆಯ ಗ್ಲೂಕೋಸ್ ಕೂರಿಸುವ ಕಿಣ್ವ ವಿನಿಫೆರಾದಲ್ಲಿ ಕೆಲಸ ಮಾಡುವುದಿಲ್ಲ. ಫ್ರಾನ್ಸಿನ ರಿಬೆರೊ-ಗೇಯೊ 1950ರ ದಶಕದಲ್ಲಿ ಇದೇ ವ್ಯತ್ಯಾಸ ಹಿಡಿದು ಶುದ್ಧ ವಿನಿಫೆರಾ ವೈನಿಗೆ ಮಿಶ್ರತಳಿಯ ವೈನ್ ಬೆರೆಸಿದ್ದನ್ನು ಪತ್ತೆ ಹಚ್ಚುವ ದಾರಿ ತೋರಿಸಿದರು. ಎರಡು ಗ್ಲೂಕೋಸ್ ಇರುವ ಮಾಲ್ವಿಡಿನ್ ಎಂಬ ದ್ರಾಕ್ಷಿಯ ವರ್ಣ ಯುವಿ ದೀಪದಡಿ ಇಟ್ಟಿಗೆ ಕೆಂಪಾಗಿ ಹೊಳೆಯುತ್ತದೆ, ಒಂದೇ ಇರುವುದು ಹೊಳೆಯುವುದಿಲ್ಲ.

ಮಿಶ್ರತಳಿಯ ವಿಷಯ ಬಂದದ್ದರಿಂದ ನಾನು ಈಗ ಕೈಹಾಕಿರುವ ಕೆಲಸ ಹೇಳುತ್ತೇನೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಸಸ್ಯಶಾಸ್ತ್ರಜ್ಞರಾದ ಆಲ್ಸ್ಟನ್ ಮತ್ತು ಟರ್ನರ್ 1960ರ ದಶಕದ ಆರಂಭದಲ್ಲಿ ಬ್ಯಾಪ್ಟಿಸಿಯಾ ಎಂಬ ಕಡಲೆ-ತೊಗರಿ ಬಳಗದ ಗಿಡದ ಜಾತಿಗಳು ಬಯಲಿನಲ್ಲಿ ತಾವಾಗಿಯೇ ಬೆರೆತದ್ದನ್ನು ಕಾಗದದ ಮೇಲೆ ಬಿಡಿಸಿದರು. ತಾಯಿ ಜಾತಿಯ ಚುಕ್ಕೆಗಳೂ ತಂದೆ ಜಾತಿಯ ಚುಕ್ಕೆಗಳೂ ಮಗುವಿನ ಕಾಗದದಲ್ಲಿ ಕೂಡಿ ಬರುತ್ತವೆ. ಹಾಗಾಗಿ ಗಿಡದ ರೂಪ ಗೊಂದಲ ಮಾಡಿದರೂ ಹೆತ್ತವರು ಯಾರು ಎಂದು ಹೇಳಬಹುದಾಗಿತ್ತು. ನಮ್ಮಲ್ಲಿ ಅಂಥದೇ ಒಂದು ಗಿಡ ಇದೆ: ಧಾರವಾಡದಲ್ಲಿ ತಯಾರಾದ ಜಯಲಕ್ಷ್ಮಿ, ಡಿಸಿಎಚ್-32 ಹತ್ತಿ. ಗಾಸಿಪಿಯಮ್ ಹಿರ್ಸೂಟಮ್ ಮತ್ತು ಗಾಸಿಪಿಯಮ್ ಬಾರ್ಬಡೆನ್ಸ್ ಎಂಬ ಎರಡು ಜಾತಿಗಳ ಮಿಶ್ರತಳಿ ಅದು. ಹಿರ್ಸೂಟಮ್ ಹೂ ಕೆನೆ ಬಣ್ಣದ್ದು, ಬಾರ್ಬಡೆನ್ಸ್ ಹಳದಿ, ಎಸಳಿನ ಬುಡದಲ್ಲಿ ಕೆಂಪು ಮಚ್ಚೆ. ಮಿಶ್ರತಳಿ, ಅದರ ಹೆತ್ತವರು ಮೂರನ್ನೂ ಒಂದೇ ಹೊಲದಲ್ಲಿ ಬೆಳೆದು, ಹೂ ಬಿಚ್ಚಿದ ದಿನ ಬೆಳಿಗ್ಗೆಯೇ ಎಸಳು ಕೊಯ್ಯಬೇಕು. ಮಾರನೆಯ ದಿನಕ್ಕೆ ಹತ್ತಿ ಹೂವಿನಲ್ಲಿ ಆಂಥೋಸಯನಿನ್ ಏರಿ ಗುಲಾಬಿಯಾಗಿಬಿಡುತ್ತದೆ. ಒಂದೇ ಹೊಲ ಯಾಕೆಂದರೆ ಬಿಸಿಲು ಹೆಚ್ಚಿದ್ದಲ್ಲಿ ಗಿಡ ಕ್ಯಾಂಪ್‌ಫೆರಾಲ್‌ಗಿಂತ ಕ್ವೆರ್ಸೆಟಿನ್ ಪಾಲನ್ನು ಏರಿಸಿಕೊಳ್ಳಬಲ್ಲದು. ಮಣ್ಣು, ಬಿಸಿಲು, ನೀರು ಮೂವರಿಗೂ ಒಂದೇ ಇದ್ದರೆ ಕಾಗದದಲ್ಲಿ ಕಾಣುವ ವ್ಯತ್ಯಾಸ ವಂಶದ್ದು ಎಂದು ಧೈರ್ಯವಾಗಿ ಹೇಳಬಹುದು. ಕಾಲೇಜಿನ ಹಿಂದಿನ ಜಾಗದಲ್ಲಿ ಸಾಲು ಬಿಟ್ಟು ಬೀಜ ಹಾಕಿದ್ದೇವೆ. ಮೂರೂ ತಳಿಗಳು ಒಂದೇ ವಾರದಲ್ಲಿ ಅರಳುವಂತೆ ಬಿತ್ತನೆಯನ್ನು ಹಿಂದುಮುಂದು ಮಾಡಿದ್ದೇವೆ, ನೀರು ಬಿಡುವ ಸರದಿಯನ್ನು ಕೊನೆಯ ವರ್ಷದ ಹುಡುಗ ಹುಡುಗಿಯರು ಹಂಚಿಕೊಂಡಿದ್ದಾರೆ.